ವಾಗ್ದಾನ ಮತ್ತು ಕಾಯುವ ಕಾಲ

ಡಿಸೆಂಬರ್ 31ರ ನಡುರಾತ್ರಿಯ ಆರಾಧನೆಯಲ್ಲಿ ಕನ್ನಡದ ಅನೇಕ ಚರ್ಚುಗಳಲ್ಲಿ ಒಂದು ರೂಢಿಯಿದೆ. ಬೈಬಲಿನ ಒಂದೊಂದು ವಾಕ್ಯ ಅಚ್ಚಾದ ಕಾರ್ಡುಗಳನ್ನು ತಟ್ಟೆಯಲ್ಲಿಟ್ಟು ತರುತ್ತಾರೆ. ಕೈಗೆ ಬಂದದ್ದನ್ನು ತೆಗೆದುಕೊಂಡವರು ಪಕ್ಕದವರನ್ನು "ನಿಮಗೇನು ಬಂತು?" ಎಂದು ವಿಚಾರಿಸುತ್ತಾರೆ. ಅದು ಆ ವರ್ಷದ ವಾಗ್ದಾನ.

ಆ ಕಾರ್ಡುಗಳಲ್ಲಿ ಮತ್ತೆ ಮತ್ತೆ ಕಾಣುವುದು ಯೆರೆಮೀಯ 29:11. ದೇವರು ತನ್ನ ಜನರ ಬಗ್ಗೆ ಇಟ್ಟುಕೊಂಡಿರುವುದು ಹಿತದ ಯೋಚನೆ ಎಂಬುದು ಅದರ ಸಾರ. ಕಾರ್ಡಿನಲ್ಲಿ ಅದರ ಹಿಂದುಮುಂದಿನ ಮಾತಿಗೆ ಜಾಗವಿರುವುದಿಲ್ಲ, ಆದರೆ ಅದನ್ನೂ ಓದಲೇಬೇಕು. ಕ್ರಿ.ಪೂ. 597ರಲ್ಲಿ ಬಾಬೆಲಿನ ಅರಸ ನೆಬೂಕದ್ನೆಚ್ಚರ ಯೆರೂಸಲೇಮಿನಿಂದ ಸೆರೆಯೊಯ್ದವರಿಗೆ ಪ್ರವಾದಿ ಯೆರೆಮೀಯ ಬರೆದ ಪತ್ರ ಅದು. ಬೇಗ ಬಿಡುಗಡೆ ಎನ್ನುವವರಿಗೆ ಕಿವಿಗೊಡಬೇಡಿ, 70 ವರ್ಷ ಆಗಬೇಕು ಎನ್ನುತ್ತದೆ ಪತ್ರ. ಅಲ್ಲಿಯವರೆಗೆ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿ, ಸೆರೆ ಹಿಡಿದವರ ಊರಿನ ಒಳಿತಿಗೂ ಪ್ರಾರ್ಥಿಸಿ ಎನ್ನುತ್ತದೆ. ಆ ಪತ್ರ ಕೇಳಿಸಿಕೊಂಡ ಹಿರಿಯರಲ್ಲಿ ಹೆಚ್ಚಿನವರು ತವರೂರನ್ನು ಮತ್ತೆ ಕಾಣುವಂತಿರಲಿಲ್ಲ. ಮಾತು ಕೊಟ್ಟದ್ದು ಮಾತ್ರ ಅವರಿಗೇ. ಅಬ್ರಹಾಮನದೂ ಹೀಗೆಯೇ: ಸಂತಾನದ ವಾಗ್ದಾನದೊಂದಿಗೆ ದೇವರ ಕರೆ ಬಂದಾಗ 75 ವರ್ಷ, ಮಗ ಇಸಾಕ ಹುಟ್ಟಿದಾಗ 100.

ಈ ಕಾಯುವ ಕಾಲ ಎಂಥದೆಂದು ಮೈಸೂರು ಸೀಮೆಯ ಕಪಿಲೆ ನದಿಯ ದಡದವರಿಗೆ ಗೊತ್ತು. ನಂಜನಗೂಡು, ತಿ. ನರಸೀಪುರದಲ್ಲಿ ಕ್ರೈಸ್ತರು ಸಂಖ್ಯೆಯಲ್ಲಿ ಕಡಿಮೆ. ಊರಿನ ಉಳಿದವರಂತೆ ಅವರೂ ಮಳೆ, ನಾಲೆ, ಬೆಳೆಯ ನಡುವೆಯೇ ಬದುಕುವವರು. ಹೆಸರುವಾಸಿ ನಂಜನಗೂಡು ರಸಬಾಳೆಗೆ ಪನಾಮ ಸೊರಗು ರೋಗ ತಗುಲಿತು. ಅದರ ಶಿಲೀಂಧ್ರ ಬೇರಿನಿಂದ ಹೊಕ್ಕು ನೀರು ಹರಿಯುವ ನಾಳಗಳನ್ನು ಕಟ್ಟಿಬಿಡುತ್ತದೆ. ಎಲೆ ಹಳದಿಯಾಗಿ ಗಿಡ ಜೋಲುತ್ತದೆ. ಗಿಡ ಕಿತ್ತರೂ ರೋಗ ದಶಕಗಟ್ಟಲೆ ಮಣ್ಣಿನಲ್ಲಿ ಉಳಿಯುತ್ತದೆ. 2019ರ ಆಗಸ್ಟ್‌ನಲ್ಲಿ ಕಪಿಲೆ ಉಕ್ಕಿ, ಮಲ್ಲನಮೂಲೆ ಮಠದ ಬಳಿ ಮೈಸೂರು–ನಂಜನಗೂಡು ರಸ್ತೆಯೇ ಮುಳುಗಿತು.

ಇಂಥ ವರ್ಷ ಓದಬೇಕಾದದ್ದು ಬೈಬಲಿನ ಹಬಕ್ಕೂಕ ಪ್ರವಾದಿಯ ಪುಸ್ತಕ. ಮೂರೇ ಅಧ್ಯಾಯ. ಶುರುವಾಗುವುದೇ ದೇವರ ಮೇಲಿನ ದೂರಿನಿಂದ: ಎಷ್ಟು ಕೂಗಿದರೂ ಕೇಳಿಸಿಕೊಳ್ಳುತ್ತಿಲ್ಲವೇಕೆ ಎಂದು. ಕೊನೆಯಲ್ಲಿ ಪ್ರವಾದಿ ಅಂಜೂರ, ದ್ರಾಕ್ಷಿ, ಎಣ್ಣೆಮರ, ಹೊಲ, ಕುರಿಹಟ್ಟಿ, ಕೊಟ್ಟಿಗೆ ಎಂದು ನಷ್ಟವನ್ನೆಲ್ಲ ಎಣಿಸುತ್ತಾನೆ. ಎಣಿಸಿ ಮುಗಿಸಿದ ಮೇಲೆಯೇ ದೇವರಲ್ಲಿ ಆನಂದಪಡುತ್ತೇನೆ ಎನ್ನುತ್ತಾನೆ. ನಷ್ಟವನ್ನು ಮುಚ್ಚಿಡುವ ಭಕ್ತಿ ಬೈಬಲಿನದಲ್ಲ. ದೂರು ಕೊಡುವವನಿಗೆ ಕೇಳುವವನು ಇದ್ದಾನೆಂಬ ನಂಬಿಕೆಯಂತೂ ಇದೆಯಲ್ಲ!

ನಂಬಿದರೆ ಸಾಲ ತೀರುತ್ತದೆ, ಕಾಯಿಲೆ ಹೋಗುತ್ತದೆ ಎಂದು ಮೈಕಿನಲ್ಲಿ ಗ್ಯಾರಂಟಿ ಕೊಡುವ ಬೋಧನೆಯನ್ನು ನಾನು ಒಪ್ಪುವುದಿಲ್ಲ. ಬೆಳೆ ಕಳೆದುಕೊಂಡ ಮನೆಯವರ ಮೇಲೆ, ನಿಮ್ಮ ವಿಶ್ವಾಸವೇ ಸಾಲದು ಎಂಬ ಇನ್ನೊಂದು ಹೊರೆಯನ್ನು ಅದು ಹೊರಿಸುತ್ತದೆ. ಗೆತ್ಸೇಮನೆ ತೋಟದಲ್ಲಿ ಯೇಸು ತಾನೇ ಮುಂದಿದ್ದ ಶಿಲುಬೆಯ ಸಂಕಟ ತಪ್ಪಲಿ ಎಂದು ಬೇಡಿಕೊಂಡ. ತಪ್ಪಲಿಲ್ಲ. ದೇವರು ಒಳ್ಳೆಯವನು ಎನ್ನುವುದಕ್ಕೆ ಕ್ರೈಸ್ತರು ಕೊಡುವ ಆಧಾರ ಆ ಶಿಲುಬೆ, ಮತ್ತು ಮೂರನೆಯ ದಿನದ ಪುನರುತ್ಥಾನ.

ಕಾಯುವುದೆಂದರೆ ಕೈಕಟ್ಟಿ ಕೂರುವುದೂ ಅಲ್ಲ. 1799ರಲ್ಲಿ ಟಿಪ್ಪು ಮಡಿದ ಮೇಲೆ ಮೈಸೂರು ಸೀಮೆಗೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾ, ಚೆದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಿದರು, ಬಡವರಿಗೆ ಬೇಸಾಯದ ನೆಲೆ ಮಾಡಿಕೊಟ್ಟರು. 1803–04ರಲ್ಲಿ ಸಿಡುಬಿಗೆ ಅಂಜಿದ್ದ ಜನರ ನಡುವೆ ಓಡಾಡಿ 25,000ಕ್ಕೂ ಹೆಚ್ಚು ಮಂದಿಗೆ ಲಸಿಕೆ ಹಾಕಿಸಿದರು. ಆದರೂ ಇಲ್ಲಿ ಕ್ರೈಸ್ತಧರ್ಮ ಬೇರೂರುವ ಭರವಸೆಯಿಲ್ಲವೆಂದು ನೊಂದು ಬರೆದು, 1823ರಲ್ಲಿ ಭಾರತ ಬಿಟ್ಟು ಹೋದರು. ಹಾಗೆ ಬರೆದ ಮೇಲೂ ಪಾದ್ರಿತನ ಬಿಡಲಿಲ್ಲ; ಏಷ್ಯಾಕ್ಕೆ ಹೊಸ ಪಾದ್ರಿಗಳನ್ನು ತಯಾರು ಮಾಡಿ ಕಳಿಸುವ ಪ್ಯಾರಿಸ್ಸಿನ ಸಂಸ್ಥೆಯಲ್ಲಿ ದುಡಿದು, 1848ರಲ್ಲಿ ತೀರಿಕೊಂಡರು.