ನಡುವಣ ಹುಕುಮಿಗೆ ಅಪೀಲುಂಟೆ?

ಮೂರ್ನಾಡಿನ ಕಾಫಿ ಬೆಳೆಗಾರರೊಬ್ಬರ ಮೇಲೆ ಫೌಜದಾರಿ ಮೊಕದ್ದಮೆಯೊಂದು ನಡೆಯುತ್ತಿದೆಯೆಂದು ಭಾವಿಸೋಣ. ವಿಚಾರಣೆಯಾಗಿ ಹೋದ ಸಾಕ್ಷಿಯೊಬ್ಬನನ್ನು ಪುನಃ ಕರೆಸಬೇಕೆಂದು ಅವರು ಅರ್ಜಿ ಕೊಡುತ್ತಾರೆ. ಮಡಿಕೇರಿಯ ಮ್ಯಾಜಿಸ್ಟ್ರೇಟರು ಅದನ್ನು ವಜಾ ಮಾಡುತ್ತಾರೆ. ಒಡನೆಯೇ ಬಂಧುಮಿತ್ರರು ಸೇರಿ, ಮೇಲಿನ ಕೋರ್ಟಿಗೆ ಹೋಗಲೇಬೇಕೆಂದು ಒತ್ತಾಯಿಸುತ್ತಾರೆ. ಹೀಗೆ ಹೋಗಲು ಕಾನೂನಿನಲ್ಲಿ ದಾರಿಯುಂಟೆ? ಇದನ್ನು ಮೊದಲೇ ತಿಳಿಯದೆ ಹಣವನ್ನೂ ಕಾಲವನ್ನೂ ಕಳೆದುಕೊಳ್ಳುವವರು ಬಹುಮಂದಿ ಇರುವುದರಿಂದ ಈ ವಿಷಯವನ್ನು ವಾಚಕರ ಮುಂದಿಡುವುದು ನಮ್ಮ ಕರ್ತವ್ಯವೆಂದು ತಿಳಿಯುತ್ತೇವೆ.

ಅಪೀಲು ಹುಟ್ಟುಹಕ್ಕಲ್ಲ, ಕಾನೂನು ಕೊಟ್ಟಲ್ಲಿ ಮಾತ್ರವೇ ಅದು ಉಂಟು. ಅಪೀಲಿಲ್ಲದ ಹುಕುಮುಗಳ ತಪ್ಪನ್ನು ತಿದ್ದುವುದಕ್ಕೆ ರಿವಿಷನ್ ಎಂಬ ಇನ್ನೊಂದು ಮಾರ್ಗವಿದೆ. 1898ರ ಹಳೆಯ ಸಂಹಿತೆಯ ಪ್ರಕಾರ ನಡುವಣ ಹುಕುಮುಗಳ ಮೇಲೂ ಈ ಮಾರ್ಗ ತೆರೆದಿತ್ತು. ಅದರ ಫಲವಾಗಿ ಮೊಕದ್ದಮೆಗಳು ಮುಗಿಯದೆ ಎಳೆಯುತ್ತಿದ್ದುದನ್ನು ಕಂಡು, 1973ರ ಸಂಹಿತೆಯಲ್ಲಿ ಮಧ್ಯಂತರ ಹುಕುಮುಗಳ ಮೇಲೆ ರಿವಿಷನ್ ಕೂಡದೆಂದು ಪಾರ್ಲಿಮೆಂಟು ವಿಧಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 438ನೆಯ ಕಲಮು ಅದೇ ನಿಷೇಧವನ್ನು ಉಳಿಸಿಕೊಂಡಿದೆ.

ಈ ನಿಷೇಧವು ಯೋಗ್ಯವಾದುದೆಂದೇ ನಮ್ಮ ಅಭಿಪ್ರಾಯ. ಇದಿದ್ದೂ ಆಗುವ ವಿಳಂಬವೇ ಅಪಾರ. ಜೆ. ಜಯಲಲಿತಾ ಅವರ ಮೇಲಿನ ಆಸ್ತಿ ಮೊಕದ್ದಮೆ 2003ರಲ್ಲಿ ಚೆನ್ನೈಯಿಂದ ಬೆಂಗಳೂರಿಗೆ ವರ್ಗವಾಯಿತು. ವಿಚಾರಣಾ ಕೋರ್ಟಿನ ತೀರ್ಪು ಬಂದುದು 2014ರ ಸೆಪ್ಟೆಂಬರಿನಲ್ಲಿ. ನಡುವೆ ಅರ್ಜಿಗಳು ಸುಪ್ರೀಂ ಕೋರ್ಟಿನವರೆಗೂ ಹೋಗಿಬಂದವು. ಬಲವುಳ್ಳವರು ಇಷ್ಟು ವರ್ಷಗಳನ್ನು ತಾಳಬಲ್ಲರು. ತೋಟದ ಕೂಲಿಯವನು ತಾಳಬಲ್ಲನೆ? ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆ ಅವನ ಪಾಲಿಗೆ ಬರಿಯ ಮಾತಲ್ಲ.

ಆದರೆ ಮಧ್ಯಂತರ ಹುಕುಮೆಂದರೇನೆಂದು ಸಂಹಿತೆಯು ಹೇಳಿಲ್ಲ. ಆ ಕೆಲಸವನ್ನು ಸುಪ್ರೀಂ ಕೋರ್ಟು ಮಾಡಿತು. ಸಾಕ್ಷಿಗಳನ್ನು ಕರೆಸುವುದು, ವಾಯಿದೆ ಕೊಡುವುದು, ಜಾಮೀನಿನ ಹುಕುಮು ಮಾಡುವುದು ಇವೆಲ್ಲವೂ ಮಧ್ಯಂತರವೆಂದೂ, ಆಪಾದಿತನ ಮುಖ್ಯ ಹಕ್ಕುಗಳನ್ನು ನಿರ್ಣಯಿಸುವ ಹುಕುಮು ಹಾಗಲ್ಲವೆಂದೂ 1977ರ ಅಮರನಾಥ್ ಮೊಕದ್ದಮೆಯಲ್ಲಿ ಹೇಳಿತು. ಅದೇ ವರ್ಷ ಮಧು ಲಿಮಯೆ ಅವರ ಮಾನಹಾನಿ ಮೊಕದ್ದಮೆಯಲ್ಲಿ ಇನ್ನಷ್ಟು ಸ್ಪಷ್ಟತೆ ಬಂದಿತು. ತಮ್ಮನ್ನು ವಿಚಾರಿಸಲು ಸೆಷನ್ಸ್ ಕೋರ್ಟಿಗೆ ಅಧಿಕಾರವಿಲ್ಲವೆಂದು ಅವರು ಆಕ್ಷೇಪಿಸಿದ್ದರು. ಬೊಂಬಾಯಿ ಹೈಕೋರ್ಟು ರಿವಿಷನ್ ನಿಲ್ಲದೆಂದಿತು. ಸುಪ್ರೀಂ ಕೋರ್ಟು ಅದನ್ನೊಪ್ಪಲಿಲ್ಲ. ಅವರ ಆಕ್ಷೇಪಣೆಯನ್ನು ಎತ್ತಿಹಿಡಿದಿದ್ದರೆ ಮೊಕದ್ದಮೆಯೇ ಮುಗಿಯುತ್ತಿತ್ತು. ಅಂತಹ ಆಕ್ಷೇಪಣೆಯನ್ನು ತಳ್ಳುವ ಹುಕುಮು ಬರಿಯ ಮಧ್ಯಂತರ ಹುಕುಮಲ್ಲ. ವಾಚಕರು ನೆನಪಿಡತಕ್ಕ ಒರೆಗಲ್ಲು ಇದು. ಆದ್ದರಿಂದ, ತನ್ನ ಮೇಲೆ ದೋಷಾರೋಪಣೆ ಮಾಡಿದುದೇ ತಪ್ಪೆಂದು ಹೇಳುವವನಿಗೆ ರಿವಿಷನ್ನಿನ ದಾರಿಯುಂಟು. ಸಾಕ್ಷಿಯನ್ನು ಪುನಃ ಕರೆಸಲಿಲ್ಲವೆಂದು ದೂರುವ ನಮ್ಮ ಬೆಳೆಗಾರರಿಗೆ ಇಲ್ಲ.

ಇದಲ್ಲದೆ, ಅನ್ಯಾಯವನ್ನು ತಡೆಯುವ ಸಹಜಾಧಿಕಾರವು ಹೈಕೋರ್ಟಿಗಿದೆ. ಬೆಂಗಳೂರಿನ ಸೆಷನ್ಸ್ ಕೋರ್ಟಿನಲ್ಲಿದ್ದ ಮುನಿಸ್ವಾಮಿ ಮತ್ತಿತರರ ಮೇಲಿನ ವಿಚಾರಣೆಯನ್ನು, ಆಧಾರ ಸಾಲದೆಂದು ಕಂಡು ನಮ್ಮ ಹೈಕೋರ್ಟು ರದ್ದುಪಡಿಸಿದುದನ್ನು 1977ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಆದರೆ ಈ ಅಧಿಕಾರವು ಅಪರೂಪಕ್ಕೆ ಬಳಸತಕ್ಕ ಮದ್ದು, ದಿನನಿತ್ಯದ ಊಟವಲ್ಲ.

ಕಕ್ಷಿಗಾರರು ತಿಳಿದಿರಬೇಕಾದ ಸಂಗತಿಗಳು ಇನ್ನೂ ಕೆಲವಿವೆ. ರಿವಿಷನ್ ಅರ್ಜಿಗೆ 90 ದಿನಗಳ ಅವಧಿಯಿದೆ. ಮ್ಯಾಜಿಸ್ಟ್ರೇಟರ ಹುಕುಮಿನ ಮೇಲೆ ಮಡಿಕೇರಿಯ ಸೆಷನ್ಸ್ ಕೋರ್ಟಿಗೆ ಹೋಗಬಹುದು, ಇಲ್ಲವೆ 250 ಕಿಲೋಮೀಟರಿಗೂ ದೂರದ ಬೆಂಗಳೂರಿನ ಹೈಕೋರ್ಟಿಗೆ ಹೋಗಬಹುದು. ಒಂದು ಬಾಗಿಲು ತಟ್ಟಿದವರು ರಿವಿಷನ್ನಿಗಾಗಿ ಇನ್ನೊಂದನ್ನು ತಟ್ಟುವಂತಿಲ್ಲ. ಜಾಮೀನು ಸಿಕ್ಕದವರು ರಿವಿಷನ್ನಿನ ಗೊಡವೆಗೆ ಹೋಗದೆ ಮೇಲಿನ ಕೋರ್ಟಿನಲ್ಲಿಯೇ ಜಾಮೀನಿಗೆ ಅರ್ಜಿ ಹಾಕಬಹುದು.

ಇವೆಲ್ಲಕ್ಕಿಂತ ಮುಖ್ಯವಾದ ಮಾತೊಂದುಂಟು. ನಡುವಣ ಹುಕುಮಿನ ತಪ್ಪನ್ನು ಕಡೆಯ ತೀರ್ಪಿನ ಮೇಲಿನ ಅಪೀಲಿನಲ್ಲಿ ಎತ್ತಿ ಹೇಳಬಹುದು. ಆದರೆ ವಿಚಾರಣೆಯ ಕ್ರಮದಲ್ಲಿ ತಪ್ಪಾಯಿತೆಂದ ಮಾತ್ರಕ್ಕೆ ತೀರ್ಪು ಬೀಳದು. ಅದರಿಂದ ನ್ಯಾಯಕ್ಕೆ ಹಾನಿಯಾಯಿತೆ, ಆಕ್ಷೇಪಣೆಯನ್ನು ಮೊದಲೇ ಎತ್ತಬಹುದಾಗಿತ್ತೆ ಎಂದು ಅಪೀಲಿನ ಕೋರ್ಟು ಕೇಳುತ್ತದೆ. ಅಂದು ಮೌನವಾಗಿದ್ದವರ ಕೂಗಿಗೆ ಇಂದು ಬೆಲೆ ಕಡಮೆ. ಆದುದರಿಂದ ಆಕ್ಷೇಪಣೆಯನ್ನು ಆಗಲೇ ಬರವಣಿಗೆಯಲ್ಲಿ ದಾಖಲೆಗೆ ಸೇರಿಸುವುದು ವಕೀಲರ ಧರ್ಮ. ಅರ್ಜಿಯನ್ನು ವಜಾ ಮಾಡುವಾಗ ಕಾರಣಗಳನ್ನು ಸ್ಪಷ್ಟವಾಗಿ ಬರೆಯುವುದು ಮ್ಯಾಜಿಸ್ಟ್ರೇಟರ ಧರ್ಮ. ವಕೀಲರನ್ನಿಡುವ ಶಕ್ತಿಯಿಲ್ಲದ ಬಡವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ನೆರವುಂಟೆಂಬುದನ್ನು ಹಳ್ಳಿಗಳಲ್ಲಿ ಸಾರುವುದು ಅಧಿಕಾರಿಗಳ ಧರ್ಮ.

ನಡುದಾರಿಯ ಬಾಗಿಲನ್ನು ಕಾನೂನು ಮುಚ್ಚಿದುದು ಮೊಕದ್ದಮೆ ಬೇಗ ಮುಗಿಯಲೆಂದು. ಬಾಗಿಲೂ ಮುಚ್ಚಿ, ಮೊಕದ್ದಮೆಯೂ ಮುಗಿಯದಿದ್ದರೆ ಪ್ರಜೆಗೆ ಎರಡು ಕಡೆಯೂ ನಷ್ಟ. ಸಂಬಂಧಪಟ್ಟವರೆಲ್ಲರೂ ಇದನ್ನು ಮನಸ್ಸಿನಲ್ಲಿಟ್ಟು ನಡೆಯುವರೆಂದು ಆಶಿಸುತ್ತೇವೆ.