ಶಂಖದ ಬೆನ್ನೇರಿದ ಜೀವಿ

ನಮ್ಮ ನಾಗಲಗಿದ್ದಕ್ಕೆ ಕಡಲು ಬಹುದೂರ. ಮಂಜೀರೆಯ ನೀರು ಕಂದಕುರ್ತಿಯಲ್ಲಿ ಗೋದಾವರಿಯನ್ನು ಕೂಡಿ ಬಂಗಾಳ ಕೊಲ್ಲಿ ಸೇರುತ್ತದೆಂಬುದೇ ನಮಗಿರುವ ನಂಟು. ಆದರೂ ಗುಡಿಯಲ್ಲಿ ಮೊಳಗುವ ಶಂಖ ಕಡಲಿನದೇ. ಅದು ಜೀವಂತವಿದ್ದಾಗ ಅದರ ಚಿಪ್ಪಿನ ಮೇಲೆ ಹರ್ಡ್‌ಮೇನಿಯಾ ಎಂಬ ಜೀವಿ ಅಂಟಿಕೊಂಡು ಬಾಳುವುದುಂಟು. ಪ್ರಾಣಿಶಾಸ್ತ್ರ ಓದಿದವರು ಪ್ರಯೋಗಶಾಲೆಯ ಗಾಜಿನ ಭರಣಿಯಲ್ಲಿ ಇದನ್ನು ನೋಡಿರುತ್ತಾರೆ: ಆಲೂಗಡ್ಡೆಯಂತಹ ಮೈ, ಮೇಲೆರಡು ರಂಧ್ರ. ಮುಟ್ಟಿದರೆ ಪಿಚಕಾರಿಯಂತೆ ನೀರು ಚಿಮ್ಮಿಸುವುದರಿಂದ ಈ ಕುಲಕ್ಕೆ ಇಂಗ್ಲಿಷಿನಲ್ಲಿ ಸೀ ಸ್ಕ್ವರ್ಟ್ ಎಂದು ಹೆಸರು.

ನೋಟಕ್ಕೆ ಕ್ಷುದ್ರ, ಸಂಬಂಧದಲ್ಲಿ ನಮಗೆ ಹತ್ತಿರ. ಇದರ ಮರಿ ಗೊದಮೊಟ್ಟೆಯನ್ನು ಹೋಲುತ್ತದೆ. ಅದರ ಬಾಲದಲ್ಲಿ ಬೆನ್ನೆಲುಬಿನ ಪೂರ್ವರೂಪವಾದ ದಂಡವಿದೆಯೆಂದು ರಷ್ಯದ ಕೊವಲೆವ್ಸ್ಕಿ 1866ರಲ್ಲಿ ತೋರಿಸಿದರು. ಇನ್ನೊಂದು ಸೋಜಿಗ: ಇದು ಹೊದ್ದ ಕಂಚುಕದಲ್ಲಿ, ನಮ್ಮ ಹೊಲದ ಹತ್ತಿಯಲ್ಲಿರುವಂತಹುದೇ ಸೆಲ್ಯುಲೋಸ್ ಇದೆ.

ಜಗತ್ತಿನಲ್ಲಿ ಸುಮಾರು 3,000 ಪ್ರಭೇದಗಳಿವೆ. ಮರಿ ಈಜುವುದು ಕೆಲವೇ ಗಂಟೆ; ಬಳಿಕ ತಲೆಯೂರಿ ಅಂಟಿಕೊಂಡು, ಬಾಲ ಕಳೆದುಕೊಂಡು, ಜೀವಮಾನವೆಲ್ಲ ಅಲ್ಲೇ ನೆಲೆಸುತ್ತದೆ. ಹಾಗಾದರೆ ಒಂದೇ ಪ್ರಭೇದ ದೂರದೂರದ ಬಂದರುಗಳಲ್ಲಿ ಕಾಣುವುದೆಂತು? ಹಡಗುಗಳ ತಳಕ್ಕಂಟಿ ಪಯಣಿಸುವುದರಿಂದ. ಭಾರತದಲ್ಲಿ ತೂತುಕುಡಿಯ ಬಂದರು ಹಾಗೂ ಮನ್ನಾರ್ ಕೊಲ್ಲಿಯ ಹವಳದ ದ್ವೀಪಗಳ ಬಳಿ ಇವುಗಳ ಅಧ್ಯಯನ ಹೆಚ್ಚು ನಡೆದಿದೆ. ದಾಖಲೆಗಳೂ ಅಲ್ಲಿಯವೇ ಹೆಚ್ಚು. ಹುಡುಕಿದಲ್ಲಿ ಸಿಕ್ಕಿದ್ದನ್ನಷ್ಟೇ ಪಟ್ಟಿ ಹೇಳುತ್ತದೆಂಬುದನ್ನು ಮರೆಯಬಾರದು, ಸಾಕ್ಷಿ ನುಡಿಯದ ಮಾತ್ರಕ್ಕೆ ಘಟನೆ ನಡೆದಿಲ್ಲವೆಂದು ನಾವು ವಕೀಲರೂ ವಾದಿಸುವುದಿಲ್ಲ (ಕೆಲವೊಮ್ಮೆ ವಾದಿಸುತ್ತೇವೆ!). ಕರ್ನಾಟಕದ ಕರಾವಳಿಯಲ್ಲಿ ಇನ್ನೊಂದು ಕಾರಣವೂ ಇದೆ. ಇವು ಕೇವಲ ಕಡಲ ಜೀವಿಗಳು. ಮಳೆಗಾಲದಲ್ಲಿ ಕಾಳಿ, ಶರಾವತಿ, ನೇತ್ರಾವತಿಗಳು ಸಿಹಿನೀರು ಸುರಿದಾಗ ಅಳಿವೆಗಳ ಉಪ್ಪು ತಗ್ಗಿ, ಬಹುಪಾಲು ಪ್ರಭೇದಗಳಿಗೆ ಅಲ್ಲಿ ಬಾಳುವುದು ಕಷ್ಟ. ಮುರ್ಡೇಶ್ವರದಾಚೆಯ ನೇತ್ರಾಣಿಯಂತಹ ಬಂಡೆದ್ವೀಪಗಳ ಸುತ್ತಣ ನೀರು ಬೇರೆಯೇ ಬಗೆಯದು.

ಇದರಿಂದ ನಮಗೇನು ಎನ್ನುವಿರಾ? ಕೆರಿಬಿಯನ್ ಕಡಲಿನ ಎಕ್ಟಿನಾಸಿಡಿಯ ಎಂಬ ಇದೇ ಕುಲದ ಜೀವಿಯಲ್ಲಿ ದೊರೆತ ಟ್ರಬೆಕ್ಟೆಡಿನ್ ಎಂಬ ಕ್ಯಾನ್ಸರ್ ಔಷಧಕ್ಕೆ 2007ರಲ್ಲಿ ಯುರೋಪಿನಲ್ಲಿ ಮಂಜೂರಾತಿ ಸಿಕ್ಕಿತು. ನಾಳೆ ನಮ್ಮ ಕಡಲಿನ ಜೀವಿಯಲ್ಲಿ ಅಂತಹುದು ದೊರೆತರೆ? 2002ರ ಜೈವಿಕ ವೈವಿಧ್ಯ ಕಾಯಿದೆಯಂತೆ, ವಿದೇಶೀಯರು ಇಲ್ಲಿನ ಜೀವಸಂಪತ್ತನ್ನು ಬಳಸಲು ಚೆನ್ನೈಯಲ್ಲಿರುವ ರಾಷ್ಟ್ರೀಯ ಪ್ರಾಧಿಕಾರದ ಪೂರ್ವಾನುಮತಿ ಬೇಕು. ಲಾಭದಲ್ಲಿ ಸ್ಥಳೀಯರಿಗೆ ನ್ಯಾಯಯುತ ಪಾಲು ಸಲ್ಲಬೇಕು. ಸ್ಥಳೀಯ ಸಂಸ್ಥೆಗಳ ಸಮಿತಿಗಳು ಜೀವವೈವಿಧ್ಯದ ದಾಖಲಾತಿ ಇಡಬೇಕು. ಆದರೆ ಹೆಸರಿಲ್ಲದ, ಎಲ್ಲಿಯದೆಂದು ನಮೂದಾಗದ ಜೀವಿಯ ಮೇಲೆ ಪಾಲು ಕೇಳುವವರು ಯಾವ ಕಾಗದ ಮುಂದಿಡಬೇಕು? ದೋಣಿಯ ತಳ ಕೆರೆದು ಶುಚಿಮಾಡುವಾಗ ಪಾಚಿ, ಚಿಪ್ಪುಗಳೊಡನೆ ಇವೂ ದಡಕ್ಕೆ ಬಿದ್ದು ಒಣಗುತ್ತವೆ.