ನಿಮಗಿದು ಗೊತ್ತೆ? ಟಿವಿ ಕೇಬಲ್‌ನಲ್ಲೇ ಇಂಟರ್ನೆಟ್!

* ತಮಿಳುನಾಡಿನ ಸೇಲಂ, ಧರ್ಮಪುರಿ ಜಿಲ್ಲೆಗಳ ಬೀದಿಗಳಲ್ಲಿ ಕಂಬದಿಂದ ಕಂಬಕ್ಕೆ ಸಾಗುವ ಕಪ್ಪು ಟಿವಿ ಕೇಬಲ್ ಇಂಟರ್ನೆಟ್ಟನ್ನೂ ತರಬಲ್ಲದು. ಅದಕ್ಕೆ ಮನೆಯಲ್ಲಿ ಬೇಕಾದದ್ದು ಕೇಬಲ್ ಮೋಡೆಮ್.

* 1990ರ ದಶಕದ ಆರಂಭದ ಕೇಬಲ್ ಮೋಡೆಮ್‌ಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಅಮೆರಿಕದ ಕೇಬಲ್ ಕಂಪನಿಗಳು ಒಗ್ಗೂಡಿ 1997ರ ಮಾರ್ಚ್‌ನಲ್ಲಿ ‘ಡಾಕ್ಸಿಸ್ 1.0’ ಎಂಬ ಸಮಾನ ಮಾನದಂಡ ತಂದವು. 1999ರಲ್ಲಿ ತೋಷಿಬಾ ಮತ್ತು ಥಾಮ್ಸನ್ ಮೋಡೆಮ್‌ಗಳಿಗೆ ಮೊದಲ ಪ್ರಮಾಣಪತ್ರ ಸಿಕ್ಕಿತು. ಯಾವ ಕಂಪನಿಯ ಮೋಡೆಮ್ ಆದರೂ ನಡೆಯುತ್ತದೆ ಎಂದಾದ ಮೇಲೆ ಪೈಪೋಟಿ ಹೆಚ್ಚಿತು, ಬೆಲೆ ಇಳಿಯಿತು, ಮಾರುಕಟ್ಟೆ ಬೆಳೆಯಿತು.

* ಅಮೆರಿಕದ ಒಂದೇ ಟಿವಿ ಚಾನೆಲ್‌ನ 6 ಮೆಗಾಹರ್ಟ್ಸ್ ಜಾಗದಲ್ಲಿ ಸೆಕೆಂಡಿಗೆ ಸುಮಾರು 38 ಮೆಗಾಬಿಟ್ ಮಾಹಿತಿ ಇಳಿಯುತ್ತದೆ. ಆದರೆ ಅದನ್ನು ಸುತ್ತಲಿನ ಮನೆಗಳೆಲ್ಲ ಹಂಚಿಕೊಳ್ಳಬೇಕು. ಸಂಜೆ ಎಲ್ಲರೂ ಇಂಟರ್ನೆಟ್ ಬಳಸಲು ಕೂತರೆ ವೇಗ ಕುಸಿಯುವುದು ಇದಕ್ಕೇ.

* ಟಿವಿಗೆ ಸಿಗ್ನಲ್ ಬಂದರೆ ಸಾಕು. ಇಂಟರ್ನೆಟ್ಟಿಗೆ ಅದು ಹಿಂದಿರುಗಿಯೂ ಹೋಗಬೇಕು. ಆದ್ದರಿಂದ ದಾರಿಯಲ್ಲಿ ಸಿಗ್ನಲ್ ಬಲಪಡಿಸುವ ಒಮ್ಮುಖ ಆಂಪ್ಲಿಫೈಯರ್‌ಗಳನ್ನು ಬದಲಿಸಬೇಕಾಗುತ್ತದೆ. ಒಂದು ಮನೆಯ ಕನೆಕ್ಟರ್ ಸಡಿಲವಾದರೂ ಅಲ್ಲಿಂದ ನುಗ್ಗುವ ವಿದ್ಯುತ್ ಗದ್ದಲ ಇಡೀ ಬೀದಿಯ ಸಂಪರ್ಕ ಕೆಡಿಸಬಲ್ಲದು.

* ಭಾರತದ 2004ರ ಬ್ರಾಡ್‌ಬ್ಯಾಂಡ್ ನೀತಿ ಕೇಬಲ್ ಟಿವಿ ಜಾಲವನ್ನೂ ಇಂಟರ್ನೆಟ್ಟಿನ ದಾರಿಯಾಗಿ ಗುರುತಿಸಿತು. ಆಗ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು 256 ಕಿಲೋಬಿಟ್ ವೇಗ ಸಾಕಿತ್ತು!

* ತಮಿಳುನಾಡು ಸರ್ಕಾರ 2007ರಲ್ಲಿ ತನ್ನದೇ ಅರಸು ಕೇಬಲ್ ಟಿವಿ ನಿಗಮ ಸ್ಥಾಪಿಸಿತು. 2011ರಲ್ಲಿ ಅದು ತಿಂಗಳಿಗೆ 70 ರೂಪಾಯಿಗೆ ಟಿವಿ ಸಂಪರ್ಕ ನೀಡತೊಡಗಿತು. ಇಂಥ ಅಗ್ಗದ ಜಾಲ ಇಂಟರ್ನೆಟ್ಟನ್ನೂ ಹೊತ್ತು ತಂದರೆ ಗಡಿಭಾಗದ ಕನ್ನಡ ಮನೆಗಳಿಗೂ ದೊಡ್ಡ ಅನುಕೂಲ.